ತಲೆಯೊಳಗಿನ ಒತ್ತಡ ಹೆಚ್ಚಾದರೆ ಕಣ್ಣು ಉಳಿಸಿಕೊಳ್ಳುವುದು ಹೇಗೆ?

ಬಗ್ಗಿ ಚಪ್ಪಲಿ ಹಾಕಿಕೊಂಡು ಎದ್ದರೆ ಒಂದೆರಡು ಸೆಕೆಂಡು ಕಣ್ಣು ಮಂಜಾಗುತ್ತದೆ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಬೆಳಿಗ್ಗೆ ಏಳುವಾಗಲೇ ತಲೆ ಭಾರ. ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಕಿವಿಯೊಳಗೆ ನಾಡಿ ಬಡಿದ ಹಾಗೆ ಸದ್ದು. ಈ ಮೂರನ್ನು ಬೇರೆ ಬೇರೆಯಾಗಿ ಹೇಳಿಕೊಂಡರೆ ಬಿಪಿ ಲೋ, ಪಿತ್ತ, ಮೈಗ್ರೇನ್ ಅಂತ ಮೂರು ಉತ್ತರ ಸಿಗುತ್ತವೆ. ಒಟ್ಟಿಗೆ ಹೇಳಿದಾಗ ಮಾತ್ರ ಡಾಕ್ಟರಿಗೆ ಬೇರೆ ಅನುಮಾನ ಬರುತ್ತದೆ. ಮೆದುಳಿನ ಸುತ್ತ ಇರುವ ನೀರಿನ ಒತ್ತಡ ಜಾಸ್ತಿಯಾಗಿರಬಹುದು.

ಹೀಗಾಗಲು ಗೆಡ್ಡೆ, ಸೋಂಕು, ರಕ್ತ ಹೆಪ್ಪುಗಟ್ಟುವುದು ಹೀಗೆ ಹಲವು ಕಾರಣಗಳಿವೆ. ಇವು ಯಾವುದೂ ಇಲ್ಲದೆ ಒತ್ತಡ ಮಾತ್ರ ಏರುವ ಕಾಯಿಲೆಯೂ ಒಂದಿದೆ. ಅದರ ಹೆಸರು ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್, ಚಿಕ್ಕದಾಗಿ ಐಐಎಚ್. ಹಳೆಯ ಚೀಟಿಗಳಲ್ಲಿ ಸ್ಯೂಡೋಟ್ಯೂಮರ್ ಸೆರೆಬ್ರಿ ಅಂತಲೂ ಇರುತ್ತದೆ. 20ರಿಂದ 45ರ ವಯಸ್ಸಿನ, ತೂಕ ಹೆಚ್ಚಿರುವ ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ. ಗಂಡಸರಿಗೆ ಅಪರೂಪ, ಆದರೆ ಬಂದರೆ ಅವರ ಕಣ್ಣಿಗೆ ಅಪಾಯ ಹೆಚ್ಚು. ಇದರಿಂದ ಜೀವಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ದೃಷ್ಟಿಗೆ ಇದೆ. ಒಮ್ಮೆ ಹೋದ ದೃಷ್ಟಿ ವಾಪಸ್ ಬರುವುದು ಕಷ್ಟ. ಸಮಯಕ್ಕೆ ಸರಿಯಾಗಿ ಗುರುತಿಸಿದರೆ ಹೆಚ್ಚಿನವರ ಕಣ್ಣು ಉಳಿಯುತ್ತದೆ. ಅದಕ್ಕಾಗಿಯೇ ಈ ಬರಹ.

ಒಳಗೆ ಏನಾಗುತ್ತದೆ

ಮೆದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿಯಾದ ನೀರಿನಂಥ ದ್ರವ ಇದೆ. ಡಾಕ್ಟರುಗಳು ಇದನ್ನು ಸಿಎಸ್ಎಫ್ ಅನ್ನುತ್ತಾರೆ. ದೊಡ್ಡವರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್. ಆದರೆ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗುತ್ತದೆ. ಅಷ್ಟೇ ಪ್ರಮಾಣ ಮೆದುಳಿನ ದೊಡ್ಡ ರಕ್ತನಾಳಗಳ ಮೂಲಕ ಹೊರಗೆ ಹೋಗಬೇಕು. ಟ್ಯಾಂಕಿಗೆ ನೀರು ಬೀಳುತ್ತಲೇ ಇದ್ದು ಹೊರಗೆ ಹೋಗುವ ಪೈಪು ಕಿರಿದಾದರೆ ಏನಾಗುತ್ತದೋ ಇಲ್ಲೂ ಹಾಗೆಯೇ. ತಲೆಬುರುಡೆ ಮೂಳೆ, ಅದು ಹಿಗ್ಗುವುದಿಲ್ಲ. ಒತ್ತಡ ಏರಲೇಬೇಕು.

ಕಣ್ಣಿಗೂ ಇದಕ್ಕೂ ಏನು ಸಂಬಂಧ? ಕಣ್ಣಿನಿಂದ ಮೆದುಳಿಗೆ ಹೋಗುವ ನರದ ಸುತ್ತ ಒಂದು ಕವಚ ಇದೆ. ಮೆದುಳಿನ ಸುತ್ತ ಇರುವ ಅದೇ ದ್ರವ ಈ ಕವಚದೊಳಗೂ ಇರುತ್ತದೆ. ತಲೆಯಲ್ಲಿ ಒತ್ತಡ ಏರಿದರೆ ಅದು ನೇರವಾಗಿ ಕಣ್ಣುಗುಡ್ಡೆಯ ಹಿಂಭಾಗದವರೆಗೂ ಬರುತ್ತದೆ. ನರದ ಎಳೆಗಳೊಳಗಿನ ಓಡಾಟ ನಿಂತುಹೋಗಿ, ನರ ಕಣ್ಣಿನೊಳಗೆ ಸೇರುವ ಜಾಗ ಊದಿಕೊಳ್ಳುತ್ತದೆ. ಈ ಊತವೇ ಪ್ಯಾಪಿಲಿಡೀಮಾ. ತುಂಬಾ ದಿನ ಊದಿಕೊಂಡೇ ಇದ್ದರೆ ಎಳೆಗಳು ಒಂದೊಂದಾಗಿ ಸಾಯುತ್ತವೆ.

ಮೊದಲು ಸಾಯುವುದು ಹೆಚ್ಚಾಗಿ ಅಂಚಿನ ನೋಟಕ್ಕೆ ಸಂಬಂಧಿಸಿದ ಎಳೆಗಳು. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ. ಗೋಡೆಯ ಮೇಲಿನ ಅಕ್ಷರದ ಬೋರ್ಡನ್ನು ಕೊನೆಯ ಸಾಲಿನವರೆಗೂ ಓದುತ್ತೀರಿ, "ನಿಮ್ಮ ಕಣ್ಣು 6/6, ಏನೂ ತೊಂದರೆ ಇಲ್ಲ" ಅಂತ ಚೀಟಿ ಬರುತ್ತದೆ. ಅದೇ ಹೊತ್ತಿಗೆ ಪಕ್ಕದ ನೋಟ ಸುತ್ತಲಿಂದ ಕಿರಿದಾಗುತ್ತಾ ಬರುತ್ತಿರುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಪಕ್ಕದಿಂದ ಬಂದ ಸ್ಕೂಟರ್ ಕಾಣದೇ ಇರುವುದು, ಹೀಗೆ ಶುರುವಾಗುತ್ತದೆ. ಅಕ್ಷರ ಓದಿಸಿ ಕಳಿಸಿದರೆ ಈ ಕಾಯಿಲೆಯಲ್ಲಿ ಕಣ್ಣು ನೋಡಿದ ಹಾಗಾಗಲಿಲ್ಲ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಇನ್ನೊಂದು ಗೊಂದಲವೂ ಇದೆ. ಕನ್ನಡಕದ ಅಂಗಡಿಯಲ್ಲಿ ಗಾಳಿ ಊದಿ ನೋಡುವ "ಕಣ್ಣಿನ ಪ್ರೆಶರ್" ಬೇರೆ. ಅದು ಗ್ಲಾಕೋಮಾಕ್ಕೆ ಮಾಡುವ ಪರೀಕ್ಷೆ. ತಲೆಯೊಳಗಿನ ಒತ್ತಡ ಎಷ್ಟೇ ಏರಿದ್ದರೂ ಕಣ್ಣಿನ ಪ್ರೆಶರ್ ನಾರ್ಮಲ್ ಇರಬಹುದು.

ಹೆಜ್ಜೆ 1: ಲಕ್ಷಣಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಡಾಕ್ಟರ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ, ಅಲ್ವಾ? ಮನೆಯಲ್ಲೇ ಬರೆದುಕೊಂಡು ಹೋಗಿ. ತಲೆನೋವು ಯಾವಾಗ ಜಾಸ್ತಿ? ಬೆಳಿಗ್ಗೆಯಾ, ಮಲಗಿದಾಗಲಾ, ಕೆಮ್ಮಿದಾಗ, ಮುಕ್ಕಿದಾಗಲಾ? ಕಣ್ಣು ಮಂಜಾಗುವುದು ಒಂದು ಕಣ್ಣಿಗಾ ಎರಡಕ್ಕೂನಾ, ದಿನಕ್ಕೆ ಎಷ್ಟು ಸಲ? ದೂರ ನೋಡಿದಾಗ ಒಂದು ವಸ್ತು ಅಕ್ಕಪಕ್ಕ ಎರಡಾಗಿ ಕಾಣುತ್ತದಾ? ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೇ ನರ ಒತ್ತಡಕ್ಕೆ ಸೋತಾಗ ಹೀಗಾಗುತ್ತದೆ. ಕಿವಿಯ ಸದ್ದು ಎದೆಬಡಿತದ ತಾಳಕ್ಕೆ ಹೊಂದುತ್ತದಾ? ಕುತ್ತಿಗೆ, ಬೆನ್ನು ನೋವಿದೆಯಾ?

ಅದೇ ಹಾಳೆಯ ಹಿಂದೆ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು ಇರಲಿ. ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್, ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್ ಈ ಒತ್ತಡ ಏರಿಸಬಲ್ಲವು. ವಿಟಮಿನ್ ಎ ಅತಿಯಾದರೂ ಹಾಗೆಯೇ. ತುಂಬಾ ದಿನ ತಿಂದ ಸ್ಟೀರಾಯ್ಡ್ ಮಾತ್ರೆ ಒಮ್ಮೆಲೇ ಬಿಟ್ಟರೂ ಆಗುತ್ತದೆ. ಮೊಡವೆ ಮಾತ್ರೆಯನ್ನು ತಲೆನೋವಿನ ಡಾಕ್ಟರಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ನಿಮಗೆ ಹೊಳೆಯಲಿ. ಕಳೆದ ಒಂದು ವರ್ಷದಲ್ಲಿ ತೂಕ ಏರಿದ್ದರೆ ಎಷ್ಟು ಅಂತ ಬರೆಯಿರಿ. ಗರ್ಭನಿರೋಧಕ ಮಾತ್ರೆ, ಇತ್ತೀಚಿನ ಹೆರಿಗೆ ಇವನ್ನೂ ಸೇರಿಸಿ. ಹೆರಿಗೆಯ ವಿಷಯ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹೆಜ್ಜೆ 2: ಇಂದೇ ಹೋಗಬೇಕಾದ ಸಂದರ್ಭ ಯಾವುದು

ಈ ಕೆಳಗಿನವುಗಳಲ್ಲಿ ಒಂದಿದ್ದರೂ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಬೇಕಾದರೆ 108ಕ್ಕೆ ಫೋನ್ ಮಾಡಿ.

- ದಿನಗಳಲ್ಲಿ ಅಥವಾ ಒಂದೆರಡು ವಾರದಲ್ಲಿ ದೃಷ್ಟಿ ಬೇಗ ಕುಸಿಯುತ್ತಿದೆ
- ತಲೆನೋವಿನ ಜೊತೆ ಪದೇ ಪದೇ ವಾಂತಿ, ಮಂಪರು, ಮಾತು ತಡವರಿಸುವುದು
- ಫಿಟ್ಸ್, ಕೈಕಾಲು ಸೋಲುವುದು
- ಜ್ವರ ಮತ್ತು ಕುತ್ತಿಗೆ ಬಿಗಿತ
- ಹಿಂದೆಂದೂ ಬಾರದಷ್ಟು ಜೋರಾದ ತಲೆನೋವು ಒಮ್ಮೆಲೇ ಶುರುವಾಗುವುದು
- ಶಂಟ್ (ಈ ದ್ರವವನ್ನು ಹೊಟ್ಟೆಗೆ ಹರಿಸುವ ಕೊಳವೆ) ಹಾಕಿಸಿಕೊಂಡವರಿಗೆ ಮತ್ತೆ ತಲೆನೋವು, ವಾಂತಿ

ಎಳೆ ಮಗುವಾದರೆ ನೆತ್ತಿ ಉಬ್ಬಿಕೊಳ್ಳುವುದು, ತಲೆ ಬೇಗ ದೊಡ್ಡದಾಗುವುದು, ಕಣ್ಣಾಲಿ ಯಾವಾಗಲೂ ಕೆಳಕ್ಕೇ ವಾಲಿರುವುದು ಇವನ್ನು ಗಮನಿಸಿ.

ಹೆಜ್ಜೆ 3: ಕಣ್ಣಿನ ಪೂರ್ತಿ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ

ಮೊದಲು ಬಿಪಿ ನೋಡಿಸಿ. ಬಿಪಿ ವಿಪರೀತ ಏರಿದಾಗಲೂ ಕಣ್ಣಿನ ನರ ಊದುತ್ತದೆ, ಅದರ ಚಿಕಿತ್ಸೆಯೇ ಬೇರೆ. ಎರಡು ನಿಮಿಷದ ಕೆಲಸ ಇದು, ಬಿಡಬಾರದು.

ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕನ್ನಡಕದ ಅಂಗಡಿ ಸಾಲದು. "ಡ್ರಾಪ್ಸ್ ಹಾಕಿ ಕಣ್ಣಿನ ನರ ನೋಡಬೇಕು, ಫೀಲ್ಡ್ ಟೆಸ್ಟ್ ಮಾಡಬೇಕು" ಅಂತ ನೀವೇ ಕೇಳಿ. ಹಾಗೆ ಕೇಳುವುದು ಉದ್ಧಟತನ ಅಲ್ಲ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ, ಬಿಸಿಲು ಚುಚ್ಚುತ್ತದೆ. ಗಾಡಿ ಓಡಿಸುವ ಹಾಗಿಲ್ಲ. ಜೊತೆಗೆ ಒಬ್ಬರು ಇರಲಿ.

ಫೀಲ್ಡ್ ಟೆಸ್ಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೋಗುಣಿಯಂಥ ಯಂತ್ರದೊಳಗೆ ಒಂದು ಕಣ್ಣು ಮುಚ್ಚಿ ನೋಡಬೇಕು. ನಡುವಿನ ಚುಕ್ಕೆಯ ಮೇಲೆ ದೃಷ್ಟಿ ಇಡಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ, ಕಂಡಾಗ ಗುಂಡಿ ಒತ್ತಬೇಕು. ಹೆಚ್ಚಿನವರು ಮೊದಲ ಸಲ ಗಾಬರಿಯಾಗುತ್ತಾರೆ, ಯಾಕಂದರೆ ಎಷ್ಟೋ ಬೆಳಕು ಕಾಣುವುದೇ ಇಲ್ಲ. ಕಣ್ಣು ಚೆನ್ನಾಗಿರುವವರಿಗೂ ಹಾಗೇ. ಅತಿ ಮಂದ ಬೆಳಕು ಎಲ್ಲಿಯವರೆಗೆ ಕಾಣುತ್ತದೆ ಅಂತ ಯಂತ್ರ ಹುಡುಕುತ್ತಿರುತ್ತದೆ. ಬೆಳಕನ್ನು ಹುಡುಕಿಕೊಂಡು ಕಣ್ಣು ಓಡಿಸಬೇಡಿ. ಆಗಾಗ ಕಣ್ಣು ಮಿಟುಕಿಸಿ. ಸುಸ್ತಾದರೆ ಸ್ವಲ್ಪ ನಿಲ್ಲಿಸಿ ಅಂತ ಹೇಳಿ. ನಿದ್ದೆಗೆಟ್ಟು ಬಸ್ಸಿನಲ್ಲಿ ಬಂದು ನೇರ ಯಂತ್ರದ ಮುಂದೆ ಕೂತರೆ ಫಲಿತಾಂಶ ಕೆಟ್ಟದಾಗಿಯೇ ಬರುತ್ತದೆ. ಮೊದಲ ಟೆಸ್ಟ್ ನಂಬುವ ಹಾಗಿಲ್ಲದಿದ್ದರೆ ಇನ್ನೊಮ್ಮೆ ಮಾಡುತ್ತಾರೆ. ಬೇಸರಪಡಬೇಡಿ. ಚಿಕಿತ್ಸೆ ಎಷ್ಟು ಜೋರಾಗಿರಬೇಕು ಅನ್ನುವ ತೀರ್ಮಾನ ಬಹುಮಟ್ಟಿಗೆ ಈ ಹಾಳೆಯ ಮೇಲೆಯೇ ನಿಂತಿದೆ.

ಓಸಿಟಿ ಅನ್ನುವ ಇನ್ನೊಂದು ಸ್ಕ್ಯಾನ್ ನರದ ಎಳೆಗಳ ದಪ್ಪ ಅಳೆಯುತ್ತದೆ. ಇದನ್ನು ಓದುವಾಗ ಒಂದು ಎಚ್ಚರ ಬೇಕು. ದಪ್ಪ ಇಳಿದರೆ ಊತ ಇಳಿದಿದೆ ಅಂತ ಖುಷಿಪಡುತ್ತೇವೆ. ಆದರೆ ಎಳೆಗಳು ಸತ್ತಾಗಲೂ ದಪ್ಪ ಇಳಿಯುತ್ತದೆ! ಅದಕ್ಕೇ ಓಸಿಟಿಯನ್ನು ಫೀಲ್ಡ್ ಟೆಸ್ಟಿನ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಸುಧಾರಿಸಿದ್ದರೆ ಒಳ್ಳೆಯದು. ದಪ್ಪ ಇಳಿದು ಫೀಲ್ಡ್ ಕೆಟ್ಟಿದ್ದರೆ ಡಾಕ್ಟರನ್ನು ಬಿಡಬೇಡಿ, ಕೇಳಿ.

ನರ ಉಬ್ಬಿದ ಹಾಗೆ ಕಂಡದ್ದೆಲ್ಲ ಊತ ಅಲ್ಲ. ಕೆಲವರಿಗೆ ಹುಟ್ಟಿನಿಂದಲೇ ನರದ ಆಕಾರ ಹಾಗಿರುತ್ತದೆ, ಕೆಲವರಿಗೆ ಡ್ರೂಸೆನ್ ಅನ್ನುವ ಸಣ್ಣ ಕಣಗಳು ಕೂತಿರುತ್ತವೆ. ಅನುಮಾನವಿದ್ದರೆ ಕಣ್ಣಿನ ಅಲ್ಟ್ರಾಸೌಂಡ್ ಮಾಡುತ್ತಾರೆ. ಸುಮ್ನೆ ಹೆದರಿಕೊಂಡು ಮಾತ್ರೆ ಶುರು ಮಾಡುವ ಮೊದಲು ಇದು ಇತ್ಯರ್ಥವಾಗಬೇಕು.

ಹೆಜ್ಜೆ 4: ಸ್ಕ್ಯಾನ್, ರಕ್ತನಾಳಗಳನ್ನೂ ಸೇರಿಸಿ

ಊತ ನಿಜ ಅಂತಾದರೆ ಮುಂದಿನದು ಮೆದುಳಿನ ಎಂಆರ್‌ಐ. ಅದರ ಜೊತೆ ಎಂಆರ್‌ವಿ ಕೂಡ ಬೇಕು. ಅದು ಮೆದುಳಿನಿಂದ ರಕ್ತ ಹೊರಗೆ ಒಯ್ಯುವ ನಾಳಗಳನ್ನು ತೋರಿಸುತ್ತದೆ. ಆ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದರೆ ಲಕ್ಷಣಗಳು ಐಐಎಚ್ ಹಾಗೆಯೇ ಇರಬಹುದು. ಆದರೆ ಚಿಕಿತ್ಸೆ ಪೂರ್ತಿ ಬೇರೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಔಷಧಿ ಬೇಕು. ತೂಕ ಹೆಚ್ಚಿಲ್ಲದವರಲ್ಲಿ, ಗಂಡಸರಲ್ಲಿ, ಮಕ್ಕಳಲ್ಲಿ ಈ ಹುಡುಕಾಟ ಇನ್ನೂ ಮುಖ್ಯ.

ಬಾಣಂತಿಯರ ವಿಷಯ ಇಲ್ಲೇ ಹೇಳಬೇಕು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು ಅಳೆದು ಕೊಡುತ್ತಾರೆ, ಶೀತ ಆಗುತ್ತದೆ, ಹೊಟ್ಟೆ ಬರುತ್ತದೆ ಅಂತ. ರಕ್ತಹೀನತೆಯೂ ಇದ್ದರೆ ಅಪಾಯ ಮತ್ತೂ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಮೆದುಳಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯ ಬಗ್ಗೆ ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಅಜ್ಜಿಯರ ಪ್ರೀತಿಯ ಮೇಲೆ ನನಗೆ ತಕರಾರಿಲ್ಲ. ಎಣ್ಣೆ ನೀರು, ಬೆಚ್ಚಗಿನ ಕೋಣೆ, ಕೊಬ್ಬರಿ ಖಾರ ಎಲ್ಲ ಇರಲಿ. ಕುಡಿಯುವ ನೀರು ಮಾತ್ರ ಕಡಿಮೆ ಮಾಡಬೇಡಿ. ಬಾಣಂತಿಗೆ ಬಿಡದ ತಲೆನೋವು, ಫಿಟ್ಸ್, ಕಣ್ಣು ಮಂಜು ಬಂದರೆ ದೃಷ್ಟಿ ತೆಗೆಯುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಐಐಎಚ್‌ನಲ್ಲಿ ಎಂಆರ್‌ಐ ವರದಿ "ಗೆಡ್ಡೆ ಇಲ್ಲ" ಅನ್ನುತ್ತದೆ. ಜೊತೆಗೆ ಎಂಪ್ಟಿ ಸೆಲ್ಲಾ, ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆ, ಟ್ರಾನ್ಸ್‌ವರ್ಸ್ ಸೈನಸ್ (ಮೆದುಳಿನಿಂದ ರಕ್ತ ಹೊರಗೆ ಒಯ್ಯುವ ಒಂದು ನಾಳ) ಕಿರಿದಾಗಿದೆ ಅನ್ನುವ ಸಾಲುಗಳಿರಬಹುದು. ಇವು ಒತ್ತಡದ ಗುರುತುಗಳು. ಎಂಪ್ಟಿ ಅಂದ ಕೂಡಲೇ ಮೆದುಳಿನಲ್ಲಿ ಏನೋ ಇಲ್ಲ ಅಂತ ಗಾಬರಿಯಾಗಬೇಕಿಲ್ಲ. ಪಿಟ್ಯುಟರಿ ಗ್ರಂಥಿ ಒತ್ತಡಕ್ಕೆ ತಳಕ್ಕೆ ಅಮುಕಿಕೊಂಡಿದೆ ಅಂತ ಅಷ್ಟೇ.

ಹೆಜ್ಜೆ 5: ಬೆನ್ನಿನಿಂದ ನೀರು ತೆಗೆಸುವುದು

ಇಲ್ಲೇ ಹೆಚ್ಚಿನ ಮನೆಯವರು ಹಿಂದೆ ಸರಿಯುತ್ತಾರೆ. "ಬೆನ್ನಿಗೆ ಸೂಜಿ ಹಾಕಿದರೆ ಕಾಲು ಸ್ವಾಧೀನ ತಪ್ಪುತ್ತದೆ" ಅನ್ನುವ ಭಯ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಬರೀ ನೀರು ಮತ್ತು ತೇಲುವ ನರದ ಎಳೆಗಳಿರುವ ಜಾಗದಲ್ಲಿ. ಸಿಸೇರಿಯನ್‌ಗೆ ಅರಿವಳಿಕೆ ಕೊಡುವುದೂ ಹೆಚ್ಚುಕಡಿಮೆ ಅಲ್ಲಿಗೇ. ಸ್ಕ್ಯಾನ್ ನೋಡಿ ಸುರಕ್ಷಿತ ಅಂತ ಖಚಿತವಾದ ಮೇಲೆಯೇ ಇದನ್ನು ಮಾಡುತ್ತಾರೆ.

ಪಕ್ಕಕ್ಕೆ ಮಲಗಿಸಿ, ಮಂಡಿ ಮಡಿಸಿ, ಸೂಜಿಗೆ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಕೊಳವೆ ಜೋಡಿಸುತ್ತಾರೆ. ನೀರು ಎಷ್ಟು ಎತ್ತರ ಏರುತ್ತದೆ ಅನ್ನುವುದೇ ಒತ್ತಡ. ದೊಡ್ಡವರಲ್ಲಿ 25 ಸೆಂಟಿಮೀಟರ್ ಅಥವಾ ಅದಕ್ಕಿಂತ ಮೇಲಿದ್ದರೆ ಹೆಚ್ಚು ಅಂತ ಲೆಕ್ಕ. ಅಳೆಯುವಾಗ ಮೈ ಸಡಿಲ ಬಿಡಬೇಕು. ಉಸಿರು ಬಿಗಿಹಿಡಿದರೆ ಅಂಕಿ ಸುಳ್ಳಾಗಿ ಏರುತ್ತದೆ. ತೆಗೆದ ನೀರನ್ನು ಸೋಂಕಿಗಾಗಿಯೂ ಪರೀಕ್ಷಿಸುತ್ತಾರೆ. ನಮ್ಮ ದೇಶದಲ್ಲಿ ಟಿಬಿ ಮೆದುಳುಜ್ವರ ಇನ್ನೂ ಇದೆ, ಅದನ್ನು ತಳ್ಳಿಹಾಕಲೇಬೇಕು.

ಆಮೇಲೆ ಕೆಲವು ದಿನ ಬೇರೆ ಥರದ ತಲೆನೋವು ಬರಬಹುದು. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಇದು ಒತ್ತಡ ತಗ್ಗಿದ ನೋವು, ಮೊದಲಿನದಕ್ಕೆ ಪೂರ್ತಿ ಉಲ್ಟಾ. ಸಾಮಾನ್ಯವಾಗಿ ತಾನೇ ಹೋಗುತ್ತದೆ. ಹೋಗದಿದ್ದರೆ ಡಾಕ್ಟರಿಗೆ ಹೇಳಿ.

ಹೆಜ್ಜೆ 6: ಮಾತ್ರೆ

ಮೊದಲು ಕೊಡುವುದು ಅಸೆಟಝೋಲಮೈಡ್. ಅಂಗಡಿಯಲ್ಲಿ ಡಯಾಮಾಕ್ಸ್ ಅಂದರೆ ಗೊತ್ತಾಗುತ್ತದೆ. ಇದು ದ್ರವ ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ 165 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ತೂಕ ಇಳಿಸುವ, ಉಪ್ಪು ಕಡಿಮೆ ಇರುವ ಆಹಾರ ಹೇಳಿದ್ದರು. ಜೊತೆಗೆ ಈ ಮಾತ್ರೆಯನ್ನೂ ತೆಗೆದುಕೊಂಡವರ ನೋಟದ ಹರವು ಆರು ತಿಂಗಳಲ್ಲಿ ಹೆಚ್ಚು ಸುಧಾರಿಸಿತ್ತು.

ಈ ಮಾತ್ರೆಯಿಂದ ಬೆರಳು, ತುಟಿ ಜುಮ್ಮೆನ್ನುತ್ತವೆ. ಸೋಡಾ ಕುಡಿದರೆ ರುಚಿ ವಿಚಿತ್ರ ಅನಿಸುತ್ತದೆ. ಸುಸ್ತು, ಪದೇ ಪದೇ ಮೂತ್ರ. ಇದರಿಂದ ಬೇಸತ್ತು ಎಷ್ಟೋ ಜನ ಹೇಳದೆ ಕೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ಬಿಡುವ ಬದಲು ಡೋಸ್ ಬದಲಿಸಬಹುದಾ ಅಂತ ಕೇಳಿ. ಮೂತ್ರಪಿಂಡದಲ್ಲಿ ಕಲ್ಲಾಗುವ ಸಾಧ್ಯತೆ ಇರುವುದರಿಂದ ನೀರು ಚೆನ್ನಾಗಿ ಕುಡಿಯಬೇಕು. ನೀರು ಕಡಿಮೆ ಕುಡಿದರೆ ತಲೆಯ ನೀರು ಕಡಿಮೆಯಾಗುತ್ತದೆ ಅಂದುಕೊಳ್ಳುವುದು ತಪ್ಪು. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ, ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ಹೇಳಿ. ಟೋಪಿರಮೇಟ್ ಅನ್ನುವ ಇನ್ನೊಂದು ಮಾತ್ರೆ ಕೊಟ್ಟರಂತೂ ಗರ್ಭದ ವಿಷಯ ಮಾತಾಡಲೇಬೇಕು. ಅದು ಮಗುವಿಗೆ ಹಾನಿ ಮಾಡಬಹುದು, ಗರ್ಭನಿರೋಧಕ ಮಾತ್ರೆಯ ಬಲವನ್ನೂ ತಗ್ಗಿಸಬಹುದು.

ನೋವಿನ ಮಾತ್ರೆ ವಾರಕ್ಕೆ ಎರಡು ಮೂರು ದಿನಕ್ಕಿಂತ ಜಾಸ್ತಿ ಬೇಡ. ಅತಿಯಾದರೆ ಆ ಮಾತ್ರೆಯೇ ತಲೆನೋವು ತರುತ್ತದೆ.

ಹೆಜ್ಜೆ 7: ತೂಕ

ಮಾತ್ರೆ ಒತ್ತಡವನ್ನು ಹಿಡಿದಿಡುತ್ತದೆ. ತೂಕ ಹೆಚ್ಚಿರುವವರಲ್ಲಿ ಕಾಯಿಲೆ ನಿಜವಾಗಿ ಹಿಂದೆ ಸರಿಯುವುದು ತೂಕ ಇಳಿದಾಗ. ಬ್ರಿಟನ್ನಿನ ತಜ್ಞರು 2018ರಲ್ಲಿ ಹೊರತಂದ ಮಾರ್ಗಸೂಚಿ ಶೇಕಡಾ 15ರವರೆಗೆ ಇಳಿಸಬೇಕಾಗಬಹುದು ಅನ್ನುತ್ತದೆ. 80 ಕಿಲೋ ಇದ್ದವರಿಗೆ ಅದು 12 ಕಿಲೋ. ಒಂದೇ ಸಲ ಅಷ್ಟು ಯೋಚಿಸಬೇಡಿ. ಮೊದಲ 4 ಕಿಲೋ ಗುರಿಯಾಗಿರಲಿ, ಅಷ್ಟರಿಂದಲೇ ಲಾಭ ಶುರುವಾಗಬಹುದು.

ಮನೆಯವರಿಗೆ ಒಂದು ಮಾತು. "ತಿಂದು ತಿಂದು ಹೀಗಾಯ್ತು" ಅಂತ ಅವಳಿಗೆ ಹೇಳಬೇಡಿ. ಅಷ್ಟೇ ತೂಕದ ಸಾವಿರಾರು ಜನಕ್ಕೆ ಈ ಕಾಯಿಲೆ ಇಲ್ಲ. ಇವಳ ದೇಹದಲ್ಲಿ ಹಾರ್ಮೋನು, ರಕ್ತನಾಳ ಎಲ್ಲ ಸೇರಿ ಏನೋ ಏರುಪೇರಾಗಿದೆ. ಬೈಗುಳದಿಂದ ತೂಕ ಇಳಿಯುವುದಿಲ್ಲ. ಅವಳಿಗೊಂದು ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡುವ ಬದಲು ಮನೆಮಂದಿಯೆಲ್ಲ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಕಡಿಮೆ ಮಾಡಿ. ತಟ್ಟೆಯಲ್ಲಿ ಅನ್ನ ಅರ್ಧಕ್ಕಿಳಿಸಿ ಪಲ್ಯ, ಕೋಸಂಬರಿ, ಕಾಳು ಹೆಚ್ಚಿಸಿ. ಸಂಜೆ ಜೊತೆಗೆ ನಡೆಯಿರಿ. ತೂಕ ತುಂಬಾ ಹೆಚ್ಚಿದ್ದು ಏನು ಮಾಡಿದರೂ ಇಳಿಯದವರಿಗೆ ಬೊಜ್ಜಿನ ಆಪರೇಷನ್ ದಾರಿಯಿದೆ. 66 ಮಹಿಳೆಯರ ಮೇಲೆ ನಡೆದ ಬ್ರಿಟನ್ನಿನ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಆಪರೇಷನ್ ಮಾಡಿಸಿಕೊಂಡವರ ತಲೆಯೊಳಗಿನ ಒತ್ತಡ ಒಂದು ವರ್ಷದಲ್ಲಿ ಹೆಚ್ಚು ಇಳಿದಿತ್ತು. ಗೊರಕೆ ಜೋರಾಗಿದ್ದು ಹಗಲು ತೂಕಡಿಕೆ ಇದ್ದರೆ ನಿದ್ದೆಯ ಪರೀಕ್ಷೆಯನ್ನೂ ಕೇಳಿ.

ಕಣ್ಣು ಬೇಗ ಹೋಗುತ್ತಿದ್ದರೆ

ತೂಕ ಇಳಿಯಲು ತಿಂಗಳುಗಳು ಬೇಕು. ಕಣ್ಣಿಗೆ ಅಷ್ಟು ಸಮಯ ಇಲ್ಲದಿದ್ದರೆ ಆಪರೇಷನ್ ಮಾಡುತ್ತಾರೆ. ದ್ರವವನ್ನು ಹೊಟ್ಟೆಗೆ ಹರಿಸುವ ಶಂಟ್, ಕಣ್ಣಿನ ನರದ ಕವಚಕ್ಕೆ ಸಣ್ಣ ಕಿಂಡಿ, ಕಿರಿದಾದ ರಕ್ತನಾಳಕ್ಕೆ ಸ್ಟೆಂಟ್. ಯಾವುದು ಅನ್ನುವುದು ರೋಗಿಯ ಸ್ಥಿತಿ ಮತ್ತು ಆ ಆಸ್ಪತ್ರೆಯವರ ಅನುಭವದ ಮೇಲೆ ನಿಂತಿದೆ. ನರರೋಗ ತಜ್ಞರು, ಕಣ್ಣಿನ ತಜ್ಞರು ಇಬ್ಬರೂ ಇರುವ ಕಡೆ ಮಾಡಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಮಿಂಟೋ ಕಣ್ಣಾಸ್ಪತ್ರೆ ಸರ್ಕಾರಿ ವ್ಯವಸ್ಥೆಯಲ್ಲೇ ಇವೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್, ಆಯುಷ್ಮಾನ್ ಕಾರ್ಡ್ ಇಟ್ಟುಕೊಳ್ಳಿ.

ಆಮೇಲಿನ ತಿಂಗಳುಗಳು

ತಲೆನೋವು ಹೋಯಿತು ಅಂತ ಕಣ್ಣಿನ ತಪಾಸಣೆ ಬಿಡಬೇಡಿ. ನೋವಿಲ್ಲದೆಯೂ ಊತ ಇರಬಹುದು. ಊತ ಪೂರ್ತಿ ಇಳಿದ ಮೇಲೂ ಮೈಗ್ರೇನ್ ಥರದ ತಲೆನೋವು ಉಳಿಯಬಹುದು, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಮನೆಯಲ್ಲಿ ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಎದುರಿನ ಗೋಡೆ ನೋಡಿ. ಎರಡೂ ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಇದು ಫೀಲ್ಡ್ ಟೆಸ್ಟಿಗೆ ಬದಲಿ ಅಲ್ಲ, ಎರಡು ಭೇಟಿಗಳ ನಡುವಿನ ಕಾವಲು ಅಷ್ಟೇ. ಎರಡೆರಡು ಕಾಣುತ್ತಿರುವವರೆಗೆ, ಪಕ್ಕದ ನೋಟ ಕಡಿಮೆಯಾಗಿದ್ದರೆ, ಡಾಕ್ಟರು ಹೇಳುವವರೆಗೆ ಗಾಡಿ ಓಡಿಸಬೇಡಿ. ತೂಕ ಮತ್ತೆ ಏರಿದರೆ ಕಾಯಿಲೆ ಮರಳಬಹುದು, ಆಗ ಕಾಯದೆ ಹೋಗಿ ತೋರಿಸಿ.

ದೃಷ್ಟಿ ಈಗಾಗಲೇ ಕುಗ್ಗಿದ್ದರೆ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಅಕ್ಷರ ಚೆನ್ನಾಗಿ ಓದುತ್ತೀರಲ್ಲ ಅಂತ ಯಾರಾದರೂ ವಾಪಸ್ ಕಳಿಸಿದರೆ ಒಪ್ಪಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೋಟದ ಹರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅದು 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ ಅನ್ನುತ್ತದೆ. ಅದಕ್ಕೆ ಬೇಕಾದ ದಾಖಲೆ ಫೀಲ್ಡ್ ಟೆಸ್ಟಿನ ಹಾಳೆಯೇ. ಪ್ರತಿ ಸಲದ್ದನ್ನೂ ತಾರೀಖಿನ ಪ್ರಕಾರ ಫೈಲಿನಲ್ಲಿ ಜೋಡಿಸಿಡಿ, ಮೊಬೈಲಿನಲ್ಲೂ ಒಂದು ಫೋಟೋ ಇರಲಿ. ಊರು ಬದಲಾದರೆ ಹೊಸ ಡಾಕ್ಟರು ಮೊದಲು ಕೇಳುವುದೂ ಅದನ್ನೇ.